ಫರ್ನೇಸ್ ಮುಂದೆ, ಬಸ್‌ಬಾರ್ ಪಕ್ಕ: ಲೂಪ್ ಕಾಯಿಲ್‌ನಿಂದ ಪ್ರಬಲ ಕಾಂತಕ್ಷೇತ್ರ ಅಳೆಯುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಪ್ರಬಲ ಕಾಂತಕ್ಷೇತ್ರದ ಹತ್ತಿರ ನಿಂತು ದುಡಿಯುವವರು ಕಡಿಮೆಯೇನಿಲ್ಲ. ಸ್ಕ್ರ್ಯಾಪ್, ಸ್ಪಾಂಜ್ ಐರನ್ ಕರಗಿಸುವ ಇಂಡಕ್ಷನ್ ಫರ್ನೇಸ್‌ನ ಮೆಲ್ಟರ್, ರೋಲಿಂಗ್ ಮಿಲ್ಲಿನ ಪ್ಯಾನೆಲ್ ರೂಮಿನ ಎಲೆಕ್ಟ್ರಿಷಿಯನ್, ಶಕ್ತಿನಗರ ಮತ್ತು ಕುಡತಿನಿಯ ಸ್ಥಾವರಗಳಲ್ಲಿ ಜನರೇಟರ್ ಬಳಿ ಓಡಾಡುವವರು, ಎಲ್ಲರೂ ಈ ಸಾಲಿಗೆ ಸೇರುತ್ತಾರೆ. ಅವರು ನಿಲ್ಲುವ ಜಾಗದಲ್ಲಿ ಕ್ಷೇತ್ರ ಎಷ್ಟಿದೆ ಎಂದು ತಿಳಿಯಲು ಲಕ್ಷಾಂತರ ರೂಪಾಯಿಯ ಉಪಕರಣವೇ ಬೇಕೆಂದಿಲ್ಲ. ಕೈಯಲ್ಲಿ ಸುತ್ತಿದ ಒಂದು ಕಾಯಿಲ್, ಒಂದು ಆಪ್-ಆಂಪ್ (ಸಣ್ಣ ಸಂಕೇತವನ್ನು ಹಿಗ್ಗಿಸುವ) ಐಸಿ, ಒಂದು ಟ್ರೂ ಆರ್‌ಎಂಎಸ್ (ಎಸಿ ಅಲೆಯ ಆಕಾರ ಏನೇ ಇದ್ದರೂ ಅದರ ಪರಿಣಾಮಕಾರಿ ಮೌಲ್ಯ ತೋರಿಸುವ) ಮಲ್ಟಿಮೀಟರ್ ಇದ್ದರೆ 10 ಮೈಕ್ರೋಟೆಸ್ಲಾದಿಂದ 7 ಮಿಲಿಟೆಸ್ಲಾವರೆಗೆ ನಂಬುವಂತೆ ಅಳೆಯಬಹುದು. ಗಾಸ್ ಲೆಕ್ಕದಲ್ಲಿ ಹೇಳುವುದಾದರೆ 0.1ರಿಂದ 70 ಗಾಸ್. 1 ಗಾಸ್ ಎಂದರೆ 100 ಮೈಕ್ರೋಟೆಸ್ಲಾ.

ಕೆಲಸ ಸರಳ. ತಪ್ಪು ನುಸುಳುವ ಜಾಗಗಳು ಮಾತ್ರ ಹಲವು, ಅವುಗಳಲ್ಲಿ ದೊಡ್ಡದು ಮೊದಲ ಹೆಜ್ಜೆಯಲ್ಲೇ ಇದೆ.

ಕಾಯಿಲ್ ಕೊಡುವುದು ಏನನ್ನು?

ಕಾಯಿಲ್ ತುದಿಯಲ್ಲಿ ಸಿಗುವ ವೋಲ್ಟೇಜ್ ಕಾಂತಕ್ಷೇತ್ರದ್ದಲ್ಲ, ಆ ಕ್ಷೇತ್ರ ಬದಲಾಗುವ ವೇಗದ್ದು. ಶುದ್ಧ ಸೈನ್ ಅಲೆಯಾದರೆ ಲೆಕ್ಕ ಹೀಗೆ:

ವೋಲ್ಟೇಜ್ = 6.283 × ಆವರ್ತನ × ಸುತ್ತುಗಳು × ವಿಸ್ತೀರ್ಣ × ಕಾಂತಕ್ಷೇತ್ರ

ವಿಸ್ತೀರ್ಣ ಚದರ ಮೀಟರ್‌ನಲ್ಲಿ, ಕ್ಷೇತ್ರ ಟೆಸ್ಲಾದಲ್ಲಿ ಇರಬೇಕು. ಈ ಸೂತ್ರದಲ್ಲಿ ಆವರ್ತನ ಇರುವುದನ್ನು ಗಮನಿಸಿ. ಒಂದೇ ಕ್ಷೇತ್ರ 50 ಹರ್ಟ್ಸ್‌ನಲ್ಲಿ ಕೊಡುವುದರ ಹತ್ತು ಪಟ್ಟು ವೋಲ್ಟೇಜನ್ನು 500 ಹರ್ಟ್ಸ್‌ನಲ್ಲಿ ಕೊಡುತ್ತದೆ. ಹಾರ್ಮೋನಿಕ್ (ಮೂಲ ಆವರ್ತನದ ಎರಡು, ಮೂರು, ಐದು ಪಟ್ಟಿನಲ್ಲಿ ಬೆರೆಯುವ ಅಲೆ) ಇಲ್ಲದ ಕಡೆ ಭಾಗಾಕಾರ ಮಾಡಿ ಸರಿಪಡಿಸಿಕೊಳ್ಳಬಹುದು. ಉಕ್ಕಿನ ಕಾರ್ಖಾನೆಯಲ್ಲಿ ಅಂಥ ಕಡೆ ಸಿಗುವುದಿಲ್ಲ. ಫರ್ನೇಸ್‌ನ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಆರು ಪಲ್ಸ್‌ನದಾದರೆ ಲೈನಿನಲ್ಲಿ 250, 350, 550, 650 ಹರ್ಟ್ಸ್ ಹಾರ್ಮೋನಿಕ್‌ಗಳು ತಪ್ಪಿದ್ದಲ್ಲ. ಹನ್ನೆರಡು ಪಲ್ಸ್ ಆದರೆ ಮೊದಲೆರಡು ಬಹಳ ಮಟ್ಟಿಗೆ ಅಳಿಯುತ್ತವೆ, 550 ಮತ್ತು 650 ಉಳಿಯುತ್ತವೆ.

ಒಂದು ಜಾಗದಲ್ಲಿ 50 ಹರ್ಟ್ಸ್‌ನ 100 ಮೈಕ್ರೋಟೆಸ್ಲಾ, ಅದರ ಜೊತೆಗೆ 250 ಹರ್ಟ್ಸ್‌ನ 20 ಮೈಕ್ರೋಟೆಸ್ಲಾ ಇದೆ ಎಂದಿಟ್ಟುಕೊಳ್ಳಿ. ನಿಜವಾದ ಒಟ್ಟು ಆರ್‌ಎಂಎಸ್ 102. ಆದರೆ ಕಾಯಿಲ್‌ನಲ್ಲಿ ಐದನೇ ಹಾರ್ಮೋನಿಕ್ ಐದು ಪಟ್ಟು ಹಿಗ್ಗಿ, ಮೂಲ ಅಲೆಯಷ್ಟೇ ವೋಲ್ಟೇಜ್ ಕೊಡುತ್ತದೆ. ಮೀಟರನ್ನು ನೇರವಾಗಿ ಕಾಯಿಲ್‌ಗೆ ಹಚ್ಚಿದವರಿಗೆ ಕಾಣುವುದು 141 ಮೈಕ್ರೋಟೆಸ್ಲಾ. ಶೇ 40ರಷ್ಟು ತಪ್ಪು, ಅದೂ ಮೀಟರ್ ಎಷ್ಟೇ ಒಳ್ಳೆಯದಾದರೂ. ಹಾಗಾಗಿ ಕಾಯಿಲ್ ಮತ್ತು ಮೀಟರ್ ನಡುವೆ ಒಂದು ಇಂಟಿಗ್ರೇಟರ್ ಇರಲೇಬೇಕು. ಬದಲಾವಣೆಯ ವೇಗವನ್ನು ಅದು ಮತ್ತೆ ಕ್ಷೇತ್ರಕ್ಕೆ ತಿರುಗಿಸುತ್ತದೆ, ಆವರ್ತನ ಏನೇ ಇದ್ದರೂ ಅದೇ ಕ್ಷೇತ್ರಕ್ಕೆ ಅದೇ ಮಿಲಿವೋಲ್ಟ್ ಬರುತ್ತದೆ. ಫರ್ನೇಸ್‌ನಲ್ಲಿ ಇದರ ಬೆಲೆ ಇನ್ನೂ ಹೆಚ್ಚು: ಮಾಲು ಕರಗುತ್ತ ಹೋದಂತೆ ಫರ್ನೇಸ್‌ನ ಕಾಯಿಲ್‌ನ ಇಂಡಕ್ಟನ್ಸ್ ಬದಲಾಗಿ, ಅದಕ್ಕೆ ಎಸಿ ಕೊಡುವ ಇನ್ವರ್ಟರ್‌ನ ಆವರ್ತನವೂ ಜರುಗುತ್ತಿರುತ್ತದೆ.

ಕಾಯಿಲ್ ಸುತ್ತುವುದು

ಅಚ್ಚಿಗೆ ನಾಲ್ಕು ಇಂಚಿನ ಪಿವಿಸಿ ಪೈಪ್ ಸಾಕು, ಅದರ ಹೊರವ್ಯಾಸ 110 ಮಿಲಿಮೀಟರ್. 20 ಮಿಲಿಮೀಟರ್ ಅಗಲದ ಬಳೆ ಕತ್ತರಿಸಿ ಅಂಚನ್ನು ಮರಳು ಕಾಗದದಿಂದ ಉಜ್ಜಿ. ತಂತಿ 26 ಗೇಜ್ ಎನಾಮೆಲ್, ಸುಮಾರು 18 ಮೀಟರ್ ಬೇಕು, ತೂಕದಲ್ಲಿ 30 ಗ್ರಾಂ ಒಳಗೇ. ಗಂಗಾವತಿ, ಸಿಂಧನೂರು, ಸಿರುಗುಪ್ಪದಂಥ ನೀರಾವರಿ ಊರುಗಳಲ್ಲಿ ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ತಂತಿ, ಸ್ಲೀವ್, ವಾರ್ನಿಶ್ ಮೂರೂ ಅಲ್ಲೇ ಸಿಗುತ್ತವೆ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿ ಬೇಡ. ಎನಾಮೆಲ್ ಎಲ್ಲೋ ಒಂದು ಕಡೆ ಕಿತ್ತಿದ್ದರೆ ಎರಡು ಸುತ್ತು ಒಳಗೇ ಶಾರ್ಟ್ ಆಗುತ್ತವೆ, ಹೊರಗೆ ಕಾಣುವುದಿಲ್ಲ.

25 ಸುತ್ತು ಒಂದು ಪದರ, ಅದರ ಮೇಲೆ ತೆಳು ಟೇಪ್, ಮತ್ತೆ ಅದೇ ದಿಕ್ಕಿನಲ್ಲಿ 25 ಸುತ್ತು. ಪಕ್ಕಪಕ್ಕ ಒತ್ತಾಗಿ ಸುತ್ತಿದರೆ ಅಗಲ 12ರಿಂದ 13 ಮಿಲಿಮೀಟರ್ ಆಗುತ್ತದೆ. ಎರಡೂ ಪದರ ಸೇರಿ ಸರಾಸರಿ ವ್ಯಾಸ 111 ಮಿಲಿಮೀಟರ್, ವಿಸ್ತೀರ್ಣ 0.00968 ಚದರ ಮೀಟರ್. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ) ಮಾನದಂಡಗಳಲ್ಲಿ ಹೇಳುವ 100 ಚದರ ಸೆಂಟಿಮೀಟರ್ ಕಾಯಿಲ್‌ಗೆ ಇದು ಬಹಳ ಹತ್ತಿರ, 110ರ ಪೈಪ್ ಆರಿಸಿದ್ದಕ್ಕೆ ಅದೂ ಒಂದು ಕಾರಣ. 50 ಸುತ್ತಿಗೆ ಗುಣಿಸಿದರೆ 0.484 ಬರುತ್ತದೆ. ಈ ಸಂಖ್ಯೆಯನ್ನು ಬಳೆಯ ಮೇಲೇ ಮಾರ್ಕರ್‌ನಿಂದ ಬರೆದಿಡಿ.

ಸುತ್ತು ಎಣಿಸುವಾಗ ಗಮನ ತಪ್ಪುವುದು ಸಹಜ, ಅದಕ್ಕೆ ಓಮ್ ನೋಡಿ ಪರಿಶೀಲಿಸಿ. 50 ಸುತ್ತಿಗೆ ಸುಮಾರು 1.8 ಓಮ್ ಬರಬೇಕು. ಮೊದಲು ಮೀಟರಿನ ಎರಡು ಪ್ರೋಬ್ ಕೂಡಿಸಿ ಅವುಗಳ ರೆಸಿಸ್ಟನ್ಸ್ ಗುರುತಿಸಿಕೊಂಡು ಕಳೆಯಿರಿ, ಅದೇ 0.2, 0.3 ಓಮ್ ಇರುತ್ತದೆ. ಒಂದೆರಡು ಸುತ್ತಿನ ವ್ಯತ್ಯಾಸ ಹೀಗೆ ಸಿಕ್ಕದು, ಐದಾರು ಸುತ್ತಿನದು ಸಿಗುತ್ತದೆ. ಸಣ್ಣದನ್ನು ಮುಂದೆ ಕ್ಯಾಲಿಬ್ರೇಷನ್ ಹಿಡಿಯುತ್ತದೆ.

ಎರಡು ತುದಿಗಳನ್ನು ಬಳೆಯಿಂದ ಹೊರಬರುವ ಜಾಗದಲ್ಲೇ ಒಂದಕ್ಕೊಂದು ಬಿಗಿಯಾಗಿ ಹೊಸೆಯಿರಿ. ಹೊಸೆಯದೆ 3 ಮಿಲಿಮೀಟರ್ ಅಂತರದಲ್ಲಿ 2 ಮೀಟರ್ ಎಳೆದರೆ ಆ ತಂತಿಗಳ ನಡುವಿನ ಜಾಗವೇ 60 ಚದರ ಸೆಂಟಿಮೀಟರ್‌ನ ಇನ್ನೊಂದು ಕಾಯಿಲ್ ಆಗುತ್ತದೆ. 50 ಸುತ್ತಿನ ಮುಂದೆ ಅದು ಶೇ 1ರಷ್ಟೇ ಎನಿಸಬಹುದು. ಆದರೆ ಆ ತಂತಿ ಹಾದುಹೋಗುವುದು ಫರ್ನೇಸ್‌ಗೆ ಕರೆಂಟ್ ಒಯ್ಯುವ ವಾಟರ್ ಕೂಲ್ಡ್ ಕೇಬಲ್ ಪಕ್ಕವಾದರೆ, ಅಲ್ಲಿಯ ಕ್ಷೇತ್ರ ಕಾಯಿಲ್ ಇರುವ ಜಾಗಕ್ಕಿಂತ ಹತ್ತು ಪಟ್ಟು ಇರಬಹುದು. ಹೊಸೆದ ತುದಿಗಳು 3 ಸೆಂಟಿಮೀಟರ್ ದಾಟುವ ಮೊದಲೇ ಆರ್‌ಜಿ-58 ಕೋಆಕ್ಸಿಯಲ್ ಕೇಬಲ್‌ಗೆ ಬೆಸುಗೆ ಹಾಕಿ. ಕೇಬಲ್ 5 ಮೀಟರ್ ಇರಲಿ.

ತಾಮ್ರದ ಶೀಲ್ಡ್, ಅದರಲ್ಲಿ ಒಂದು ಬಿರುಕು

400 ಕೆವಿ ಲೈನಿನ ಕೆಳಗೋ ಫರ್ನೇಸ್ ಕೆಪಾಸಿಟರ್ ಬ್ಯಾಂಕ್ ಪಕ್ಕದಲ್ಲೋ ವಿದ್ಯುತ್ ಕ್ಷೇತ್ರವೂ ಬಲವಾಗಿರುತ್ತದೆ. ಅದು ಕೆಪಾಸಿಟನ್ಸ್ ಮೂಲಕ ಕಾಯಿಲ್‌ಗೆ ಇಳಿದು ಇಲ್ಲದ ಕಾಂತಕ್ಷೇತ್ರ ತೋರಿಸುತ್ತದೆ. ಇದನ್ನು ತಡೆಯಲು ಸುತ್ತುಗಳ ಮೇಲೆ ಒಂದು ಪದರ ಇನ್ಸುಲೇಷನ್ ಟೇಪ್, ಅದರ ಮೇಲೆ ತಾಮ್ರದ ಫಾಯಿಲ್ ಟೇಪ್ ಸುತ್ತಿ ಬಳೆಯನ್ನು ಪೂರ್ತಿ ಮುಚ್ಚಬೇಕು. ಕೇಬಲ್ ಹೊರಬರುವ ಜಾಗಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಮಾತ್ರ 10 ಮಿಲಿಮೀಟರ್ ಬಿರುಕು ಬಿಡಿ. ಶೀಲ್ಡನ್ನು ಕೇಬಲ್‌ನ ಹೊರ ಜಾಲರಿಗೆ ಬೆಸೆಯುವುದು ಕೇಬಲ್ ಬದಿಯಲ್ಲಿ, ಒಂದೇ ಕಡೆ.

ಬಿರುಕು ಬಿಡದೆ ಮುಚ್ಚಿದರೆ ಶೀಲ್ಡೇ ಒಂದು ಶಾರ್ಟ್ ಆದ ಸುತ್ತು ಆಗಿ, ತನ್ನಲ್ಲಿ ಹರಿಯುವ ಕರೆಂಟ್‌ನಿಂದ ಒಳಗಿನ ಕ್ಷೇತ್ರವನ್ನು ತಗ್ಗಿಸುತ್ತದೆ. ಈ ತಪ್ಪಿನ ಕೆಟ್ಟ ಗುಣವೆಂದರೆ 50 ಹರ್ಟ್ಸ್ ಪರೀಕ್ಷೆಯಲ್ಲಿ ಅದರ ಸುಳಿವೇ ಸಿಗುವುದಿಲ್ಲ. ತೆಳು ತಾಮ್ರದ ಒಂದು ಸುತ್ತಿನ ರೆಸಿಸ್ಟನ್ಸ್ 7 ಮಿಲಿಓಮ್ ಆಸುಪಾಸು, 50 ಹರ್ಟ್ಸ್‌ನಲ್ಲಿ ಅದರ ರಿಯಾಕ್ಟನ್ಸ್ ಅದರ ನೂರನೇ ಒಂದು ಭಾಗ. 1 ಕಿಲೋಹರ್ಟ್ಸ್‌ನಲ್ಲೂ ಇಳಿಕೆ ಶೇ 2 ಅಷ್ಟೆ. 10 ಕಿಲೋಹರ್ಟ್ಸ್‌ನ ಇಂಡಕ್ಷನ್ ಹಾರ್ಡನಿಂಗ್ ಯಂತ್ರದ ಮುಂದೆ ಹಿಡಿದಾಗ ಓದು ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಅಂಚುಗಳು ಒಂದರ ಮೇಲೊಂದು ಕೂತು ಬಿರುಕು ಮುಚ್ಚಿಹೋಗಿಲ್ಲವೇ ಎಂದು ಕಂಟಿನ್ಯುಟಿ ನೋಡಿ ಖಚಿತಪಡಿಸಿಕೊಳ್ಳುವುದು ಹೀಗೆ: ಬಿರುಕಿನ ಎದುರು ಬದಿಯಲ್ಲಿ ಬೆಸುಗೆ ಹಾಕುವ ಮೊದಲು ಅಲ್ಲಿಯೂ ಫಾಯಿಲ್ ಬಿಡಿಸಿಟ್ಟು, ಎರಡು ಅರ್ಧಗಳ ನಡುವೆ ಮೀಟರ್ ಹಿಡಿದರೆ ಬೀಪ್ ಬರಬಾರದು. ಬರಲಿಲ್ಲವೆಂದರೆ ಕೇಬಲ್ ಬದಿಯನ್ನು ಕೂಡಿಸಿ ಬೆಸೆಯಿರಿ.

ತಾಮ್ರದ ಟೇಪ್ ಸಿಗದಿದ್ದರೆ ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್ ಆಗುತ್ತದೆ. ಅದಕ್ಕೆ ಬೆಸುಗೆ ಹಿಡಿಯದು, ಹಾಗಾಗಿ ಫಾಯಿಲ್‌ಗೆ ಒತ್ತಿಕೊಂಡಂತೆ ಒಂದು ಬೆತ್ತಲೆ ತಾಮ್ರದ ಎಳೆಯನ್ನು ಉದ್ದಕ್ಕೂ ಕೂರಿಸಿ, ಬಿರುಕಿನಲ್ಲಿ ಆ ಎಳೆಯನ್ನೂ ತುಂಡರಿಸಿ. ಕೊನೆಗೆ ಎಲ್ಲದರ ಮೇಲೆ ವಾರ್ನಿಶ್ ಬಳಿದ ಕಾಟನ್ ಟೇಪ್.

ಇಂಟಿಗ್ರೇಟರ್

ಐಸಿ ಓಪಿ-07. ಎರಡು 9 ವೋಲ್ಟ್ ಅಲ್ಕಲೈನ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ. ಅವು ಕೂಡುವ ಬಿಂದುವೇ ಗ್ರೌಂಡ್. ಪ್ಲಸ್ ತುದಿ ಐಸಿಯ 7ನೇ ಕಾಲಿಗೆ, ಮೈನಸ್ ತುದಿ 4ನೇ ಕಾಲಿಗೆ. 3ನೇ ಕಾಲು ಗ್ರೌಂಡ್‌ಗೆ. ಕೇಬಲ್‌ನ ನಡುತಂತಿಯಿಂದ 8.2 ಕಿಲೋಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್, ಅದರ ಸಾಲಿನಲ್ಲಿ 5 ಕಿಲೋಓಮ್ ಮಲ್ಟಿಟರ್ನ್ ಪ್ರಿಸೆಟ್ (ಸ್ಕ್ರೂ ತಿರುಗಿಸಿ ಬೆಲೆ ಹೊಂದಿಸುವ ರೆಸಿಸ್ಟರ್), ಅಲ್ಲಿಂದ 2ನೇ ಕಾಲಿಗೆ. 2 ಮತ್ತು 6ನೇ ಕಾಲುಗಳ ನಡುವೆ 100 ನ್ಯಾನೋಫ್ಯಾರಡ್ ಪಾಲಿಪ್ರೊಪಿಲೀನ್ ಕೆಪಾಸಿಟರ್, ಅದಕ್ಕೆ ಸಮಾಂತರವಾಗಿ 1 ಮೆಗಾಓಮ್. 6ನೇ ಕಾಲಿನಿಂದ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಮೂಲಕ ಮೀಟರ್‌ಗೆ. ಒಳಬರುವ ಸಾಕೆಟ್‌ನಲ್ಲಿ, ಕಾಯಿಲ್‌ಗೆ ಅಡ್ಡಲಾಗಿ, 1 ಕಿಲೋಓಮ್ ಅರ್ಧ ವ್ಯಾಟ್ ರೆಸಿಸ್ಟರ್.

ಈ ಕೊನೆಯ ರೆಸಿಸ್ಟರನ್ನು ಬಿಡಬಾರದು. ಕಾಯಿಲ್‌ನ ಇಂಡಕ್ಟನ್ಸ್ ಸುಮಾರು 0.5 ಮಿಲಿಹೆನ್ರಿ, 5 ಮೀಟರ್ ಕೇಬಲ್‌ನ ಕೆಪಾಸಿಟನ್ಸ್ 500 ಪಿಕೋಫ್ಯಾರಡ್. ಎರಡೂ ಸೇರಿ 300 ಕಿಲೋಹರ್ಟ್ಸ್ ಸುತ್ತಮುತ್ತ ಅನುರಣಿಸುತ್ತವೆ. ಫರ್ನೇಸ್‌ನ ಥೈರಿಸ್ಟರ್ (ಕರೆಂಟಿನ ಎಲೆಕ್ಟ್ರಾನಿಕ್ ಸ್ವಿಚ್) ಪ್ರತಿ ಬಾರಿ ಆನ್ ಆಗುವಾಗ ಬರುವ ಹೊಡೆತಕ್ಕೆ ಕಾಯಿಲ್ ಆ ಆವರ್ತನದಲ್ಲಿ ನಡುಗುತ್ತಲೇ ಇರುತ್ತದೆ, ಐಸಿ ಅದನ್ನು ಸಂಭಾಳಿಸಲಾರದೆ ಓದು ಏರುಪೇರಾಗುತ್ತದೆ. 1 ಕಿಲೋಓಮ್ ಆ ನಡುಕವನ್ನು ಅಲ್ಲೇ ಹೀರುತ್ತದೆ. ಅರ್ಧ ವ್ಯಾಟ್ ಏಕೆಂದರೆ 1 ಕಿಲೋಹರ್ಟ್ಸ್‌ನ 5 ಮಿಲಿಟೆಸ್ಲಾದಲ್ಲಿ ಕಾಯಿಲ್ ತುದಿಗೆ 15 ವೋಲ್ಟ್ ಬರುತ್ತದೆ.

1 ಮೆಗಾಓಮ್ ಇಲ್ಲದಿದ್ದರೆ ಐಸಿಯ ಸಣ್ಣ ಡಿಸಿ ದೋಷವೂ ಕೂಡುತ್ತ ಕೂಡುತ್ತ ಔಟ್‌ಪುಟ್ ಬ್ಯಾಟರಿ ವೋಲ್ಟೇಜಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದನ್ನು ಹಾಕಿದರೆ 1.6 ಹರ್ಟ್ಸ್ ಕೆಳಗಷ್ಟೇ ಇಂಟಿಗ್ರೇಷನ್ ನಿಲ್ಲುತ್ತದೆ, 50 ಹರ್ಟ್ಸ್‌ಗೆ ಏನೂ ತೊಂದರೆಯಿಲ್ಲ.

ಕೆಪಾಸಿಟರ್ ವಿಷಯದಲ್ಲಿ ಜಿಪುಣತನ ಬೇಡ. ರಾಯಚೂರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಫರ್ನೇಸ್ ಪ್ಲಾಟ್‌ಫಾರ್ಮ್ ಮೇಲೆ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಅಗ್ಗದ ವೈ5ವಿ ಬಗೆಯ ಸೆರಾಮಿಕ್ ಕೆಪಾಸಿಟರ್ ಬಿಸಿಗೆ ತನ್ನ ಕೆಪಾಸಿಟನ್ಸ್‌ನ ಅರ್ಧಕ್ಕಿಂತ ಹೆಚ್ಚು ಕಳೆದುಕೊಳ್ಳಬಲ್ಲದು, ಅಂದರೆ ಓದು ಎರಡು ಪಟ್ಟಾಗುತ್ತದೆ. ಪಾಲಿಪ್ರೊಪಿಲೀನ್ 20 ಡಿಗ್ರಿ ಏರಿಕೆಗೆ ಶೇ ಅರ್ಧವೂ ಬದಲಾಗದು.

ಇಡೀ ಸರ್ಕ್ಯೂಟ್ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿರಲಿ, ಪೆಟ್ಟಿಗೆ ಗ್ರೌಂಡ್‌ಗೆ ಕೂಡಿರಲಿ. ಪ್ರಿಸೆಟ್ ಹೊರಗಿನಿಂದ ತಿರುಗಿಸುವಂತೆ ಒಂದು ತೂತು ಬಿಟ್ಟು, ಹೊಂದಿಸಿದ ಮೇಲೆ ಟೇಪಿನಿಂದ ಮುಚ್ಚಿ.

ಕ್ಯಾಲಿಬ್ರೇಷನ್

ಗುರಿ ಇಷ್ಟು: 1 ಮೈಕ್ರೋಟೆಸ್ಲಾಗೆ 0.5 ಮಿಲಿವೋಲ್ಟ್. ಆಗ ಮೀಟರ್ ತೋರಿಸಿದ ಮಿಲಿವೋಲ್ಟನ್ನು ಎರಡರಿಂದ ಗುಣಿಸಿದರೆ ಮೈಕ್ರೋಟೆಸ್ಲಾ, ಕ್ಯಾಲ್ಕುಲೇಟರ್ ಬೇಡ.

ಗೊತ್ತಿರುವ ಕ್ಷೇತ್ರಕ್ಕೆ ಹೆಲ್ಮ್‌ಹೋಲ್ಟ್ಸ್ ಜೋಡಿಗಿಂತ (ಎದುರುಬದುರು ನಿಲ್ಲಿಸಿದ ಒಂದೇ ಅಳತೆಯ ಎರಡು ಕಾಯಿಲ್) ಒಳ್ಳೆಯ ದಾರಿ ಇಲ್ಲ. ಬಡಗಿಯಿಂದ ಪ್ಲೈವುಡ್‌ನ ಎರಡು ಚಕ್ರ ಮಾಡಿಸಿ, ಸುತ್ತಿನ ಸರಾಸರಿ ತ್ರಿಜ್ಯ 200 ಮಿಲಿಮೀಟರ್ ಬರುವಂತೆ. ಪ್ರತಿಯೊಂದಕ್ಕೂ 18 ಗೇಜ್ ತಂತಿಯ 50 ಸುತ್ತು. ಎರಡಕ್ಕೂ ಸೇರಿ 126 ಮೀಟರ್, ಸುಮಾರು 1.35 ಕಿಲೋ. ಚಕ್ರಗಳ ನಡುವಿನ ಅಂತರ, ಸುತ್ತಿನ ಮಧ್ಯದಿಂದ ಮಧ್ಯಕ್ಕೆ, ತ್ರಿಜ್ಯದಷ್ಟೇ, ಅಂದರೆ 200 ಮಿಲಿಮೀಟರ್. ಕಬ್ಬಿಣದ ಮೊಳೆ, ಸ್ಕ್ರೂ ಬೇಡ; ಹಿತ್ತಾಳೆ ಅಥವಾ ಬರೀ ಅಂಟು. ಎರಡನ್ನೂ ಸಾಲಾಗಿ, ಕರೆಂಟ್ ಒಂದೇ ದಿಕ್ಕಿಗೆ ಸುತ್ತುವಂತೆ ಜೋಡಿಸಿ. ಹೀಗಾದಾಗ ನಟ್ಟನಡುವೆ ಪ್ರತಿ ಆಂಪಿಯರ್‌ಗೆ 224.8 ಮೈಕ್ರೋಟೆಸ್ಲಾ. ಒಂದು ಕಾಯಿಲ್ ತಿರುಗುಮುರುಗಾಗಿ ಜೋಡಿಸಿದ್ದರೆ ನಡುವೆ ಓದು ಸೊನ್ನೆಗೆ ಹತ್ತಿರ ಬರುತ್ತದೆ, ಆಗ ಒಂದರ ತುದಿಗಳನ್ನು ಅದಲುಬದಲು ಮಾಡಿದರಾಯಿತು.

ಕರೆಂಟ್ ಕೊಡಲು ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್), ಅದರ ಮುಂದೆ 6 ವೋಲ್ಟ್ 3 ಆಂಪಿಯರ್ ಟ್ರಾನ್ಸ್‌ಫಾರ್ಮರ್. ವೇರಿಯಾಕ್ ಒಂದನ್ನೇ ನೇರವಾಗಿ ಬಳಸಬೇಡಿ. ಅದು ಮೇನ್ಸ್‌ನಿಂದ ಪ್ರತ್ಯೇಕಗೊಂಡಿರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಜೋಡಿಯಿಂದ ಒಂದೂವರೆ ಮೀಟರ್ ಆಚೆ ಇರಲಿ, ಅದರ ಸೋರಿಕೆ ಕ್ಷೇತ್ರವೂ ಓದಿಗೆ ಸೇರುತ್ತದೆ. ಮೊದಲು ಕರೆಂಟ್ ಇಲ್ಲದೆ ನೋಡಿ: 1 ಮಿಲಿವೋಲ್ಟ್‌ಗಿಂತ ಕೆಳಗಿರಬೇಕು. ಬಳಿಕ ಲೂಪನ್ನು ನಡುವೆ, ಚಕ್ರಗಳಿಗೆ ಸಮಾಂತರವಾಗಿ ಇಟ್ಟು 1 ಆಂಪಿಯರ್ ಹರಿಸಿ, ಮೀಟರ್ 112.4 ಮಿಲಿವೋಲ್ಟ್ ತೋರಿಸುವವರೆಗೆ ಪ್ರಿಸೆಟ್ ತಿರುಗಿಸಿ. 0.5 ಆಂಪಿಯರ್‌ಗೆ 56.2, 2 ಆಂಪಿಯರ್‌ಗೆ 224.8 ಬಂದರೆ ನೇರಗೆರೆ ಸರಿ ಇದೆ. 111 ಮಿಲಿಮೀಟರ್ ಲೂಪ್ ಈ ಗಾತ್ರದ ಜೋಡಿಯ ನಡುವೆ ಕೂತಾಗ ಕ್ಷೇತ್ರದ ಅಸಮತೆಯಿಂದ ಬರುವ ದೋಷ ಸಾವಿರದಲ್ಲಿ ಒಂದು ಮಾತ್ರ. ದೊಡ್ಡ ದೋಷ ಆಂಪಿಯರ್ ಮೀಟರಿನದೇ.

ಇಷ್ಟಕ್ಕೆ ನಿಲ್ಲಿಸಿದರೆ ಇಂಟಿಗ್ರೇಟರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿದಂತಾಗಲಿಲ್ಲ. ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್, ಒಂದು ಆಡಿಯೋ ಆಂಪ್ಲಿಫೈಯರ್ ತೆಗೆದುಕೊಂಡು 500 ಹರ್ಟ್ಸ್‌ನಲ್ಲಿ 0.2 ಆಂಪಿಯರ್ ಹರಿಸಿ. ಜೋಡಿಯ ಸಾಲಿನಲ್ಲಿ 1 ಓಮ್ 5 ವ್ಯಾಟ್ ರೆಸಿಸ್ಟರ್ ಹಾಕಿ ಅದರ ಮೇಲಿನ 0.2 ವೋಲ್ಟನ್ನು ಅದೇ ಮಲ್ಟಿಮೀಟರಿನಿಂದ ಅಳೆದರೆ ಕರೆಂಟ್ ಗೊತ್ತಾಗುತ್ತದೆ. ಓದು 22.5 ಮಿಲಿವೋಲ್ಟ್ ಬರಬೇಕು. 1 ಕಿಲೋಹರ್ಟ್ಸ್‌ನಲ್ಲೂ ಅದೇ. ಆವರ್ತನ ಏರಿದಂತೆ ಓದು ಕುಸಿದರೆ ಮೊದಲು ಅನುಮಾನಿಸಬೇಕಾದ್ದು ಮಲ್ಟಿಮೀಟರನ್ನು: ಹಲವು ಕೈಮೀಟರ್‌ಗಳ ಎಸಿ ಓದಿಗೆ 400 ಹರ್ಟ್ಸ್ ಅಥವಾ 1 ಕಿಲೋಹರ್ಟ್ಸ್‌ವರೆಗೆ ಮಾತ್ರ ಖಾತ್ರಿ, ಅದು ಕೈಪಿಡಿಯ ಕೊನೆಯ ಪುಟದಲ್ಲಿರುತ್ತದೆ. ಆವರ್ತನದ ಜೊತೆಗೇ ಓದು ಹತ್ತು ಪಟ್ಟು ಏರಿದರೆ 100 ನ್ಯಾನೋಫ್ಯಾರಡ್ ಕೆಪಾಸಿಟರ್‌ನ ಬೆಸುಗೆ ಬಿಟ್ಟಿದೆ.

ಹೆಲ್ಮ್‌ಹೋಲ್ಟ್ಸ್ ಜೋಡಿ ಮಾಡಲಾಗದವರಿಗೆ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್ ಇದೆ. ಕೇಬಲನ್ನು 3 ಮೀಟರ್ ನೇರವಾಗಿ ಬಿಗಿದು ಕಟ್ಟಿ, ಹಿಂತಿರುಗುವ ಕೇಬಲನ್ನು 3 ಮೀಟರ್ ದೂರಕ್ಕೆ ಒಯ್ದು, ಕ್ಲಾಂಪ್ ಮೀಟರಿನಲ್ಲಿ 100 ಆಂಪಿಯರ್ ನೋಡಿ. ನೇರ ತಂತಿಯಿಂದ 20 ಸೆಂಟಿಮೀಟರ್‌ನಲ್ಲಿ ಕ್ಷೇತ್ರ 100 ಮೈಕ್ರೋಟೆಸ್ಲಾ. ಲೂಪಿನ ಹತ್ತಿರದ ಅಂಚು ಹೆಚ್ಚು ಕ್ಷೇತ್ರ ಕಾಣುವುದರಿಂದ ಓದು ಶೇ 2ರಷ್ಟು ಮೇಲೆ ಬರುತ್ತದೆ, ದೂರದ ಹಿಂತಿರುಗು ಕೇಬಲ್‌ನ ಪಾಲು ಶೇ 7ರವರೆಗೆ ಸೇರಬಹುದು. ಇದು ಒರಟು ಪರೀಕ್ಷೆ, ದೊಡ್ಡ ತಪ್ಪು ಹಿಡಿಯಲು ಸಾಕು, ಪ್ರಿಸೆಟ್ ತಿರುಗಿಸಲು ಸಾಲದು.

ಅಳೆಯುವ ಜಾಗದಲ್ಲಿ

ಅಲ್ಲಿಗೆ ಹೋದ ಮೇಲೆ ಲೂಪ್ ಎತ್ತುವ ಮೊದಲು ಮೂರು ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಕಾಯಿಲ್ ಬಿಚ್ಚಿ ಕೇಬಲ್ ತುದಿಗೆ 2 ಓಮ್ ರೆಸಿಸ್ಟರ್ ಹಚ್ಚಿ ಅಳೆಯುವ ಜಾಗದಲ್ಲೇ ಹಿಡಿಯಿರಿ. ಓದು ಹತ್ತಿರ ಹತ್ತಿರ ಸೊನ್ನೆಯಾಗಬೇಕು. ಆಗದಿದ್ದರೆ ಕೇಬಲೋ ಪೆಟ್ಟಿಗೆಯೋ ತಾನೇ ಕ್ಷೇತ್ರ ಹಿಡಿಯುತ್ತಿದೆ, ಪೆಟ್ಟಿಗೆ ಮತ್ತು ಮೀಟರನ್ನು ಇನ್ನೂ ದೂರ ಸರಿಸಿ. ಎರಡನೆಯದು, ಲೂಪನ್ನು ಅದೇ ಜಾಗದಲ್ಲಿ ಮಗುಚಿ 180 ಡಿಗ್ರಿ ತಿರುಗಿಸಿ: ಓದು ಬದಲಾಗಬಾರದು. ಬದಲಾದರೆ ಶೀಲ್ಡ್ ಸರಿಯಿಲ್ಲ, ವಿದ್ಯುತ್ ಕ್ಷೇತ್ರ ಒಳಬರುತ್ತಿದೆ. ಮೂರನೆಯದು, ಲೂಪನ್ನು ಕೈಯಲ್ಲಿ ಸ್ವಲ್ಪ ಅಲುಗಿಸಿ ನೋಡಿ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 40 ಮೈಕ್ರೋಟೆಸ್ಲಾ. ಅದರಲ್ಲಿ ಕಾಯಿಲ್ ಅಲ್ಲಾಡಿದರೆ ಇಂಟಿಗ್ರೇಟರ್ ಅದನ್ನೂ ಓದುತ್ತದೆ. ಅದಕ್ಕೇ ಸ್ಟ್ಯಾಂಡ್ ಬೇಕು. ಮರದ್ದು ಅಥವಾ ಪಿವಿಸಿ ಪೈಪಿನದು, ಕ್ಯಾಮೆರಾದ ಲೋಹದ ಟ್ರೈಪಾಡ್ ಅಲ್ಲ.

ಎತ್ತರ: ಕ್ಷೇತ್ರ ಹೆಚ್ಚುಕಡಿಮೆ ಸಮನಾಗಿರುವ ಕಡೆ, ಉದಾಹರಣೆಗೆ ಎತ್ತರದ ಲೈನಿನ ಕೆಳಗೆ, ನೆಲದಿಂದ 1 ಮೀಟರ್. ಪ್ಯಾನೆಲ್, ಫರ್ನೇಸ್, ಬಸ್‌ಬಾರ್ (ಭಾರೀ ಕರೆಂಟ್ ಒಯ್ಯುವ ಲೋಹದ ಪಟ್ಟಿ) ಹತ್ತಿರ 0.5, 1, 1.5 ಮೀಟರ್ ಮೂರೂ. ಪ್ರತಿ ಬಿಂದುವಿನಲ್ಲಿ ಲೂಪನ್ನು ಮೂರು ದಿಕ್ಕಿಗೆ ಮುಖ ಮಾಡಿ ಓದಿ, ಒಂದೊಂದರ ವರ್ಗ ಕೂಡಿ ವರ್ಗಮೂಲ ತೆಗೆಯಿರಿ. ಮೂರು ಓದು 180, 95, 240 ಮಿಲಿವೋಲ್ಟ್ ಬಂತೆನ್ನಿ. ಕ್ಷೇತ್ರ 360, 190, 480. ಒಟ್ಟು 629 ಮೈಕ್ರೋಟೆಸ್ಲಾ. ಲೂಪನ್ನು ತಿರುಗಿಸುತ್ತ ಅತಿ ಹೆಚ್ಚು ಓದು ಹುಡುಕಿ ಅದನ್ನೇ ಬರೆದುಕೊಳ್ಳುವ ರೂಢಿ ಹಲವರಲ್ಲಿದೆ. ಒಂದೇ ಫೇಸಿನ ಮೂಲಕ್ಕೆ ಅದು ಸರಿ. ತ್ರೀಫೇಸ್ ಕೇಬಲ್‌ಗಳ ನಡುವೆ ಕ್ಷೇತ್ರ ಗಿರಕಿ ಹೊಡೆಯುತ್ತಿರುತ್ತದೆ, ಅಲ್ಲಿ ಗರಿಷ್ಠ ಓದು ನಿಜವಾದ ಒಟ್ಟಿಗಿಂತ ಶೇ 30ರವರೆಗೆ ಕಡಿಮೆ ಬರಬಹುದು.

ಫರ್ನೇಸ್‌ನಲ್ಲಿ ಎಲ್ಲರ ಕಣ್ಣೂ ಕ್ರೂಸಿಬಲ್ (ಲೋಹ ಕರಗುವ ಪಾತ್ರೆ) ಮೇಲೇ ಇರುತ್ತದೆ. ಆದರೆ ಅದರ ಕಾಯಿಲ್‌ನ ಕ್ಷೇತ್ರ ದೂರ ಎರಡು ಪಟ್ಟಾದರೆ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಕೆಪಾಸಿಟರ್ ಬ್ಯಾಂಕಿನಿಂದ ಫರ್ನೇಸ್‌ಗೆ ಹೋಗುವ ವಾಟರ್ ಕೂಲ್ಡ್ ಕೇಬಲ್‌ಗಳ ಕ್ಷೇತ್ರ ಇಳಿಯುವುದು ನಾಲ್ಕರಲ್ಲಿ ಒಂದಕ್ಕೆ ಮಾತ್ರ, ಹೋಗುವ ಮತ್ತು ಬರುವ ಕೇಬಲ್‌ಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಕ್ಷೇತ್ರವೂ ಹೆಚ್ಚು. ಬ್ಯಾಂಕ್ ಮತ್ತು ಕಾಯಿಲ್ ನಡುವೆ ಅನುರಣನದಿಂದ ಸುತ್ತುವ ಕರೆಂಟ್ ಇನ್ವರ್ಟರ್ ಕೊಡುವುದರ ಹಲವು ಪಟ್ಟು ಇರುವಂಥ ಸರ್ಕ್ಯೂಟ್‌ಗಳಲ್ಲಿ ಈ ಕೇಬಲ್‌ಗಳೇ ಮುಖ್ಯ ಮೂಲ. ಅವು ಪ್ಲಾಟ್‌ಫಾರ್ಮ್ ಕೆಳಗೆ ಎಲ್ಲಿ ಹಾದಿವೆ ನೋಡಿ, ಅದರ ಮೇಲೆ ಸರಿಯಾಗಿ ಮೆಲ್ಟರ್ ನಿಂತು ಸ್ಲ್ಯಾಗ್ ತೆಗೆಯುತ್ತಾರೆಯೇ ಎಂದು ಗಮನಿಸಿ. 0.5 ಮೀಟರ್ ಎತ್ತರದ ಓದು 1.5ರದ್ದಕ್ಕಿಂತ ಬಹಳ ಹೆಚ್ಚಿದ್ದರೆ ಕೇಬಲ್‌ಗಳೇ ಕಾರಣ. ಅಳೆಯುವ ಹೊತ್ತಿಗೆ ಫರ್ನೇಸ್ ಪೂರ್ಣ ಶಕ್ತಿಯಲ್ಲಿರಬೇಕು. ಕಿಲೋವ್ಯಾಟ್, ಆವರ್ತನ, ಕಾಯಿಲ್ ವೋಲ್ಟೇಜ್, ಮಾಲಿನ ಮಟ್ಟ ನಾಲ್ಕನ್ನೂ ಓದಿನ ಪಕ್ಕದಲ್ಲೇ ಬರೆಯಿರಿ. ಅವಿಲ್ಲದ ಓದನ್ನು ಮುಂದಿನ ವರ್ಷದ ಓದಿನ ಜೊತೆ ಹೋಲಿಸಲು ಬರುವುದಿಲ್ಲ.

ವಿದ್ಯುತ್ ಸ್ಥಾವರದ ಲೆಕ್ಕ ಬೇರೆ. ಶಕ್ತಿನಗರದ 210 ಮೆಗಾವ್ಯಾಟ್ ಘಟಕ 15.75 ಕೆವಿಯಲ್ಲಿ ಪೂರ್ಣ ಹೊರೆಗೆ ಸುಮಾರು 9,000 ಆಂಪಿಯರ್ ಕೊಡುತ್ತದೆ. ಅಷ್ಟು ಕರೆಂಟ್ ಒಂಟಿ ಬರಿ ಕಂಡಕ್ಟರ್‌ನಲ್ಲಿ ಹರಿದರೆ 1 ಮೀಟರ್ ದೂರದಲ್ಲಿ 1,800 ಮೈಕ್ರೋಟೆಸ್ಲಾ. ಆದರೆ ಪ್ರತಿ ಫೇಸಿಗೂ ಪ್ರತ್ಯೇಕ ಅಲ್ಯೂಮಿನಿಯಂ ಕೊಳವೆ ಇರುವ ಬಸ್ ಡಕ್ಟ್‌ನಲ್ಲಿ ಕೊಳವೆಯ ಮೈಮೇಲೆ ಎದುರು ಕರೆಂಟ್ ಹರಿದು ಹೊರಗಿನ ಕ್ಷೇತ್ರವನ್ನು ಬಹುಪಾಲು ಅಳಿಸುತ್ತದೆ. ಕೊಳವೆ ಮುಗಿಯುವ ಜಾಗ, ಜನರೇಟರ್‌ನ ನ್ಯೂಟ್ರಲ್ ಬದಿ, ಎಕ್ಸೈಟೇಷನ್ ಪ್ಯಾನೆಲ್, ಇವುಗಳ ಬಳಿ ಹೆಚ್ಚು ಹೊತ್ತು ಕೊಡಿ. ಊರೊಳಗಿನ ವಿತರಣಾ ಟ್ರಾನ್ಸ್‌ಫಾರ್ಮರ್ ಅಥವಾ 11 ಕೆವಿ ಲೈನ್ ಬಗ್ಗೆ ಮನೆಯವರು ಕೇಳಿದರೆ, ಪಂಪ್‌ಸೆಟ್‌ಗೆ ತ್ರೀಫೇಸ್ ಬಿಟ್ಟ ಹೊತ್ತಿನಲ್ಲೇ ಅಳೆಯಿರಿ. ಕ್ಷೇತ್ರ ಕರೆಂಟಿನದು, ವೋಲ್ಟೇಜಿನದಲ್ಲ. ಹೊರೆ ಇಲ್ಲದ ಹೊತ್ತಿನ ಓದು ಯಾವುದಕ್ಕೂ ಬಾರದು.

ಯಾವುದಕ್ಕೆ ಹೋಲಿಸುವುದು

ಐಸಿಎನ್‌ಐಆರ್‌ಪಿ (ಅಯಾನೀಕರಿಸದ ವಿಕಿರಣದಿಂದ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ) 2010ರ ಮಾರ್ಗಸೂಚಿಯಲ್ಲಿ 50 ಹರ್ಟ್ಸ್‌ಗೆ ಕೆಲಸಗಾರರ ಉಲ್ಲೇಖ ಮಟ್ಟ 1,000 ಮೈಕ್ರೋಟೆಸ್ಲಾ, ಸಾರ್ವಜನಿಕರದ್ದು 200. ಕೆಲಸಗಾರರ ಮಟ್ಟ 300 ಹರ್ಟ್ಸ್‌ವರೆಗೆ ಅಷ್ಟೇ ಇದ್ದು, ಅಲ್ಲಿಂದ 3 ಕಿಲೋಹರ್ಟ್ಸ್‌ವರೆಗೆ ಆವರ್ತನದ ಜೊತೆ ಇಳಿಯುತ್ತದೆ: 3,00,000ವನ್ನು ಆವರ್ತನದಿಂದ ಭಾಗಿಸಿದರೆ ಮೈಕ್ರೋಟೆಸ್ಲಾ ಸಿಗುತ್ತದೆ. 500 ಹರ್ಟ್ಸ್ ಫರ್ನೇಸ್‌ಗೆ 600, 1 ಕಿಲೋಹರ್ಟ್ಸ್‌ಗೆ 300, 3 ಕಿಲೋಹರ್ಟ್ಸ್ ಮೇಲೆ 100. ಮೇಲಿನ ಉದಾಹರಣೆಯ 629 ಮೈಕ್ರೋಟೆಸ್ಲಾ 50 ಹರ್ಟ್ಸ್‌ನದಾದರೆ ಮಟ್ಟದ ಒಳಗೆ, 500 ಹರ್ಟ್ಸ್‌ನದಾದರೆ ಹೊರಗೆ. ಹಾಗಾಗಿ ಆವರ್ತನ ಬರೆಯದ ಮೈಕ್ರೋಟೆಸ್ಲಾ ಅರ್ಧ ಮಾಹಿತಿ.

ಎರಡು ಆವರ್ತನ ಕೂಡಿರುವ ಕಡೆ ಪ್ರತಿಯೊಂದನ್ನೂ ಅದರ ಮಟ್ಟದಿಂದ ಭಾಗಿಸಿ ಕೂಡಬೇಕು, ಮೊತ್ತ 1 ಮೀರಬಾರದು. ಅದಕ್ಕೆ ಬಿಡಿಬಿಡಿಯಾಗಿ ಅಳೆಯಬೇಕಾಗುತ್ತದೆ. ಇಂಟಿಗ್ರೇಟರ್ ಔಟ್‌ಪುಟನ್ನು ಹತ್ತನೇ ಒಂದಕ್ಕೆ ಇಳಿಸಿ ಬ್ಯಾಟರಿ ಮೇಲೆ ನಡೆಯುವ ಲ್ಯಾಪ್‌ಟಾಪಿನ ಲೈನ್-ಇನ್‌ಗೆ ಕೊಟ್ಟು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ ತೆಗೆದರೆ ಯಾವ ಹಾರ್ಮೋನಿಕ್ ಎಷ್ಟಿದೆ ಎಂಬುದು ಕಾಣುತ್ತದೆ.

ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಈ ಮಟ್ಟಗಳು ಅನ್ವಯಿಸುವುದಿಲ್ಲ. ಅವರು ಅಳೆಯಲೂ ಹೋಗಬಾರದು, ಅಳೆಯುವವರ ಜೊತೆಗೂ ಹೋಗಬಾರದು. ಉಳಿದವರು ಉಂಗುರ, ಕಡಗ, ಗಡಿಯಾರ, ಉಡದಾರ ಬಿಚ್ಚಿಟ್ಟು ಹೋಗಿ. ಮುಚ್ಚಿದ ಲೋಹದ ಬಳೆ ಕಿಲೋಹರ್ಟ್ಸ್ ಕ್ಷೇತ್ರದಲ್ಲಿ ಚರ್ಮ ಸುಡುವಷ್ಟು ಕಾಯುತ್ತದೆ. ಅಳತೆಗೆ ಸ್ಟೀಲ್ ಟೇಪ್ ಬದಲು ದರ್ಜಿಯ ಟೇಪ್. ಹೆಲ್ಮೆಟ್, ಮುಖದ ಶೀಲ್ಡ್, ಬೂಟು, ಶಿಫ್ಟ್ ಇನ್‌ಚಾರ್ಜ್ ಒಪ್ಪಿಗೆ ಇಲ್ಲದೆ ಪ್ಲಾಟ್‌ಫಾರ್ಮ್ ಹತ್ತಬೇಡಿ. ಒದ್ದೆ ಸ್ಕ್ರ್ಯಾಪ್ ಬಿದ್ದರೆ ಕರಗಿದ ಲೋಹ ಸಿಡಿಯುತ್ತದೆ.

7 ಮಿಲಿಟೆಸ್ಲಾ ಮೀರಿದರೆ

ಬಸ್‌ಬಾರ್‌ಗೆ ಅಂಟಿದ ಜಾಗ, ಹಾರ್ಡನಿಂಗ್ ಕಾಯಿಲ್‌ನ ಬಾಯಿ, ಸ್ಪಾಟ್ ವೆಲ್ಡರ್‌ನ ತೋಳುಗಳ ನಡುವೆ ದೊಡ್ಡ ಲೂಪ್ ಎರಡು ಕಾರಣಕ್ಕೆ ಸೋಲುತ್ತದೆ: ಐಸಿ ಔಟ್‌ಪುಟ್ ಬ್ಯಾಟರಿ ಮಿತಿಗೆ ತಾಗುತ್ತದೆ, 111 ಮಿಲಿಮೀಟರ್ ಅಗಲದಲ್ಲಿ ಕ್ಷೇತ್ರವೇ ಹಲವು ಪಟ್ಟು ಬದಲಾಗಿ ಓದು ಸರಾಸರಿಯಾಗಿಬಿಡುತ್ತದೆ. 10 ಕಿಲೋಹರ್ಟ್ಸ್‌ನಲ್ಲಿ 10 ಮಿಲಿಟೆಸ್ಲಾ ಇದ್ದರೆ ಕಾಯಿಲ್ ತುದಿಯಲ್ಲಿ 300 ವೋಲ್ಟ್ ಎದ್ದಿರುತ್ತದೆ, ಅದು ಅಪಾಯವೂ ಹೌದು. ಅಲ್ಲಿಗೆ ಸಣ್ಣ ಕಾಯಿಲ್: 25 ಮಿಲಿಮೀಟರ್ ವೈರಿಂಗ್ ಪೈಪಿನ ಮೇಲೆ ಅದೇ 26 ಗೇಜ್ ತಂತಿ ಒಂದೇ ಪದರ, 19 ಸುತ್ತು. ಇದರ ಸಂವೇದನೆ ದೊಡ್ಡದರ ಐವತ್ತರಲ್ಲಿ ಒಂದು, ಹಾಗಾಗಿ ಪ್ರಿಸೆಟ್ ಮುಟ್ಟದೆ ಅದೇ ಪೆಟ್ಟಿಗೆಗೆ ಹಚ್ಚಿದರೆ 1 ಮಿಲಿಟೆಸ್ಲಾಗೆ 10 ಮಿಲಿವೋಲ್ಟ್ ಬರುತ್ತದೆ. 1 ಮಿಲಿಟೆಸ್ಲಾ ಕೆಳಗೆ ಇದನ್ನು ನಂಬಬೇಡಿ. ಬಿಸಿಯ ಹತ್ತಿರ ಪಿವಿಸಿ ಮೆತ್ತಗಾಗಿ ಆಕಾರ ಕೆಡುತ್ತದೆ, ಅಲ್ಲಿಗೆ ಹೈಲಮ್ (ಬಿಸಿ ತಾಳುವ ಗಟ್ಟಿ ಲ್ಯಾಮಿನೇಟ್) ಕೊಳವೆ ಅಥವಾ ತುಂಡು ತಂದು ಅದೇ ಅಳತೆಗೆ ಕಡೆಸಿಕೊಳ್ಳಿ.

ಸ್ಕ್ರ್ಯಾಪ್ ಎತ್ತುವ ಕ್ರೇನ್ ಮ್ಯಾಗ್ನೆಟ್ ನಡೆಯುವುದು ಡಿಸಿಯಲ್ಲಿ. ಬದಲಾಗದ ಕ್ಷೇತ್ರಕ್ಕೆ ಲೂಪ್ ಏನನ್ನೂ ತೋರಿಸದು, ಸೊನ್ನೆ ಬಂದಿದೆಯೆಂದು ಕ್ಷೇತ್ರ ಇಲ್ಲವೆಂದು ತಿಳಿಯಬಾರದು. ಅದಕ್ಕೆ ಹಾಲ್ ಸೆನ್ಸರ್ ಇರುವ ಗಾಸ್ ಮೀಟರ್ ಬೇಕು.

ಧೂಳಿನ ಬಗ್ಗೆ ಒಂದು ಮಾತು. ಸಂಡೂರು, ಹೊಸಪೇಟೆ ಕಡೆಯ ಕೆಂಪು ಅದಿರು ಹೆಚ್ಚಾಗಿ ಹೆಮಟೈಟ್. ಅದಕ್ಕೆ ಕಾಂತಗುಣ ತೀರಾ ಕಡಿಮೆ, ಕಾಯಿಲ್ ಮೇಲೆ ಕೂತರೂ ಓದು ಕೆಡುವುದಿಲ್ಲ. ಸ್ಪಾಂಜ್ ಐರನ್ ಧೂಳು ಹಾಗಲ್ಲ, ಅದು ಲೋಹದ ಕಬ್ಬಿಣವೇ. ಕೇಬಲ್ ಸಿಕ್ಕಿಸುವ ಬಿಎನ್‌ಸಿ ಸಾಕೆಟ್ ಒಳಗೆ ಹೊಕ್ಕರೆ ಸಣ್ಣ ಶಾರ್ಟ್ ಮಾಡುತ್ತದೆ, ಶೀಲ್ಡಿನ ಬಿರುಕಿನಲ್ಲಿ ತುಂಬಿದರೆ ಬಿರುಕನ್ನೇ ಮುಚ್ಚುತ್ತದೆ. ಬಿರುಕಿನ ಮೇಲೆ ಎಂ-ಸೀಲ್ ತುಂಬಿ, ಸಾಕೆಟ್‌ಗಳಿಗೆ ಮುಚ್ಚಳ ಹಾಕಿ, ಪ್ರತಿ ಬಾರಿ ಬಳಸಿದ ಮೇಲೆ ಒಣ ಬ್ರಷ್‌ನಿಂದ ಒರೆಸಿ. ಬ್ಯಾಟರಿ 7 ವೋಲ್ಟ್‌ಗೆ ಇಳಿದ ಕೂಡಲೇ ಬದಲಿಸಿ, ಏಕೆಂದರೆ ಆಮೇಲೆ 7 ಮಿಲಿಟೆಸ್ಲಾದ ಶಿಖರ ಐಸಿಯ ಮಿತಿಗೆ ತಾಗಿ ಕತ್ತರಿಸಿಹೋಗುತ್ತದೆ, ಮೀಟರಿನಲ್ಲಿ ಮಾತ್ರ ಸ್ಥಿರವಾದ, ಕಡಿಮೆ ಓದು ಕಾಣುತ್ತಿರುತ್ತದೆ.